ಅವಳ ತೂಕದ ಮೆಣಸು

"ನೆಟ್ಟಗೆ ನಿಲ್ಲೋಕೂ ಆಗ್ತಿಲ್ವಾ, ಅನಘ?"

ಆ ದನಿ...!

ಜಗಲಿಯ ಕಂಬ ಹಿಡಿದು, ಹೊಟ್ಟೆಗೆ ದಿಂಬು ಒತ್ತಿಕೊಂಡು ಬಗ್ಗಿ ನಿಂತಿದ್ದ ಅನಘ ಬೆಚ್ಚಿ ತಲೆಯೆತ್ತಿದಳು. ಅಂಗಳದಲ್ಲಿ ಒಣಹಾಕಿದ ಕಾಳುಮೆಣಸಿನ ಆಚೆ ಬದಿಯಲ್ಲಿ ಅಜೀಶ್ ನಿಂತಿದ್ದ. ಕೈಯಲ್ಲೊಂದು ಹಿಡಿಯಿರುವ ಗಂಜಿಪಾತ್ರೆ.

ಮೂರು ವರ್ಷದ ಹಿಂದೆ ಇದೇ ಜಗಲಿಗೆ ಹೆಣ್ಣು ನೋಡಲು ಬಂದಿದ್ದವನು. ಅವನ ಕಡೆಯಿಂದ ಒಪ್ಪಿಗೆ ಬಂದಿತ್ತು. ಬೇಡ ಎಂದವಳು ಅವಳೇ.

'ಇವನ ಕಣ್ಣಿಗೆ ನಾನು ಬೀಳಬೇಕಾದದ್ದು ಈ ಸ್ಥಿತಿಯಲ್ಲೇನು, ಭಗವತೀ!'

"ಅಜೀಶೇಟ್ಟ... ನೀವು... ಇಲ್ಲಿಗೆ?"

"ನಮ್ಮಮ್ಮ ಗಂಜಿ ಕೊಟ್ಟು ಕಳಿಸಿದ್ರು. ನಿನ್ನ ಹೊಟ್ಟೇಲಿ ಗಡ್ಡೆ ಅಂತ ಕೇಳಿದ ದಿನದಿಂದ ಅವರು ಉಪ್ಪು ಮುಟ್ಟಿಲ್ಲ. ನಿನ್ನ ತುಲಾಭಾರ ಮುಗಿಯೋವರೆಗೂ ಮುಟ್ಟಲ್ವಂತೆ."

"ಯಾವ ತುಲಾಭಾರ?"

ಅವನು ನೆಲ ನೋಡಿದ. "ಹರಕೆ ಹೊತ್ತಿದ್ದೀನಿ. ನೀನು ಗುಣವಾದ್ರೆ ನಿನ್ನ ತೂಕದ ಮೆಣಸು ಭಗವತಿಗೆ."

ಅನಘ ಅವನ ಮೇಲಿಂದ ಕಣ್ಣು ತೆಗೆದಳು.

ಏಕೆಂದರೆ... ಗಡ್ಡೆಯೇ ಇರಲಿಲ್ಲ!

ಬಾಯಿ ಕಟ್ಟಿ, ಗುಡ್ಡ ಹತ್ತಿಳಿದು, ಅವಳು ತನ್ನ ಮೈಯನ್ನು ಅರ್ಧಕ್ಕರ್ಧ ಕರಗಿಸಿದ್ದಳು. ಮೈ ಕರಗಿತು, ಚರ್ಮ ಕರಗಲಿಲ್ಲ. ಕಾಳು ಸುರಿದ ಮೇಲಿನ ಚೀಲದಂತೆ ಹೊಟ್ಟೆಯ ಮೇಲೆ ಜೋತುಬಿತ್ತು. ಮಳೆಗಾಲದಲ್ಲಿ ಅದರ ಮಡಿಕೆಯೊಳಗೆಲ್ಲ ಹುಣ್ಣು. ಕೋಳಿಕ್ಕೋಡಿನ ಡಾಕ್ಟರು ಟಮ್ಮಿ ಟಕ್ ಮಾಡಿ, ಹೆಚ್ಚಿನ ಚರ್ಮ ತೆಗೆದು, ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿದಿದ್ದರು.

"ಚರ್ಮ ಕತ್ತರಿಸೋಕೆ ಆಪರೇಷನ್ನು ಅಂದ್ರೆ ಜನ ನಗ್ತಾರೆ ಮೋಳೇ," ಎಂದು ತಾಯಿ ಕುಞ್ಞಮ್ಮ ಊರಿಗೆಲ್ಲ ಗಡ್ಡೆ ಎಂದುಬಿಟ್ಟಿದ್ದರು. ಅನಘ ಸುಮ್ಮನಿದ್ದಳು.

ಸುಮ್ಮನಿರುವುದೂ ಒಂದು ಮಾತೇ. ದೇವರ ಕಿವಿಗೆ ಅದೂ ಬೀಳುತ್ತದೆ.

"ಯಾಕೆ ಅಲ್ಲೇ ನಿಂತೆ ಮೋನೇ? ಮೇಲೆ ಬಾ!" ಕುಞ್ಞಮ್ಮ ಚಹಾ ಹಿಡಿದು ಹೊರಬಂದರು. "ಇವಳು ಮಾತಾಡಲ್ಲ. ಬಾಯಿಗೂ ಹೊಲಿಗೆ ಹಾಕಿ ಕಳಿಸಿದ್ದಾರೆ!"

ಅಜೀಶ್ ನಕ್ಕುಬಿಟ್ಟ. ಅನಘಳಿಗೂ ನಗು ಉಕ್ಕಿತು... ಮರುಕ್ಷಣವೇ ದಿಂಬು ಅವುಚಿಕೊಂಡಳು.

"ಅಯ್ಯೋ, ನಗಿಸ್ಬೇಡಿ! ಎಳೆಯುತ್ತೆ..."

ಅವನ ನಗು ಥಟ್ಟನೆ ನಿಂತಿತು. ಅವಳ ನೋವು ಅವನ ಮುಖದಲ್ಲಿ ಮೂಡಿತು.

ಆಮೇಲೆ ಅವನು ಬರುತ್ತಲೇ ಇದ್ದ. ಪುಲ್ಪಳ್ಳಿಯ ತನ್ನ ಮಲೆಸರಕಿನ ಅಂಗಡಿಗೆ ಮೆಣಸು ಕೊಳ್ಳುವ ನೆಪ ಹೂಡಿ ಬರುವನು. ಅವಳ ಮಂಡಿಯ ಕೆಳಗೆ ಇನ್ನೊಂದು ದಿಂಬು ಸರಿಸುವನು. "ಕೊಡ ಮುಟ್ಟಬೇಡ," ಎಂದು ಗದರಿ ತಾನೇ ನೀರು ಸೇದಿಡುವನು. ಗಂಜಿ ಕುಡಿಯುವಾಗಲೆಲ್ಲ ಅನಘಳಿಗೆ ಉಪ್ಪಿಲ್ಲದ ಅನ್ನ ಕಲಸುವ ಅಜೀಶನ ತಾಯಿಯ ಕೈ ಕಾಣುವುದು. ಆದರೂ ಕುಡಿದು ಮುಗಿಸುವಳು.

ಒಂದು ಸಂಜೆ ಅವಳಿಂದ ತಡೆಯಲಾಗಲಿಲ್ಲ.

"ಹೆಣ್ಣು ನೋಡೋಕೆ ಬಂದಾಗ ನಿಮ್ಮ ಭಾಸ್ಕರನ್ ಮಾವ ಅಂದ್ರಲ್ಲ, ಈ ಮನೇಲಿ ಮೆಣಸಿನ ಬಳ್ಳಿಗೆ ಬೇರೆ ಮರ ಬ್ಯಾಡ, ಹುಡುಗೀನೇ ಸಾಕು ಅಂತ... ಆಗ ನೀವು ತಲೆ ತಗ್ಗಿಸಿ ನಕ್ರಿ."

"ನಕ್ಕೆನಾ?" ಅಜೀಶನ ಮುಖ ಕಪ್ಪಿಟ್ಟಿತು. "ನಾಚಿಕೆಯಾಗಿ ತಗ್ಗಿಸ್ದೆ, ಅನಘ. ಎದ್ದು ನಿಂತು ಬಾಯ್ಮುಚ್ಚಿ ಅನ್ಬೇಕಿತ್ತು. ಹಿರಿಯರು ಅಂತ ಸುಮ್ನಿದ್ದೆ. ಅದಕ್ಕೇ ಬೇಡ ಅಂದ್ಯಾ?"

ಅವಳು ಮುಖ ತಿರುಗಿಸಿದಳು. ಮೂರು ವರ್ಷ ಇವನನ್ನು ಶಪಿಸಿದ್ದು ಒಂದು ತಪ್ಪು. ಈಗ ಮೋಸ ಮಾಡುತ್ತಿರುವುದು ಇನ್ನೊಂದು.

'ನಿಜ ಹೇಳಿದರೆ ಎದ್ದು ಹೋಗುತ್ತಾನೆ. ಹೇಳದಿದ್ದರೆ... ಸುಳ್ಳಿನ ಮೇಲೆ ಕೂತು ದೇವಿಯ ತಕ್ಕಡಿ ಏರಬೇಕು!'

ನೆಟ್ಟಗೆ ನಿಲ್ಲುವಷ್ಟು ಚೇತರಿಸಿಕೊಂಡ ಮೇಲೆ ಆ ದಿನವೂ ಬಂತು.

ಮರಕ್ಕಡವಿನ ಭಗವತಿ ಗುಡಿ. ಮೆಟ್ಟಿಲ ಕೆಳಗೆ ಕಬಿನಿ, ಹೊಳೆಯಾಚೆ ಕರ್ನಾಟಕ. ಮಂಟಪದಲ್ಲಿ ಹಿತ್ತಾಳೆ ಸರಪಳಿಯ ದೊಡ್ಡ ತಕ್ಕಡಿ. ಪಕ್ಕದಲ್ಲಿ ಅಜೀಶ್ ತಂದಿಟ್ಟ ಎರಡು ಚೀಲ ಮೆಣಸು, ಒಂದು ಚಿಕ್ಕದು, ಇನ್ನೊಂದು ಅದರ ಎರಡರಷ್ಟು. ತನ್ನ ತೋಟದಲ್ಲಿ ತಾನೇ ಏಣಿ ಹಾಕಿ ಕೊಯ್ದದ್ದು.

"ಕೂತ್ಕೋ ಮೋಳೇ," ಎಂದರು ಅರ್ಚಕರು.

ಅನಘ ಒಂದು ಹೆಜ್ಜೆ ಇಟ್ಟಳು. ನಿಂತಳು.

"ನನ್ನಿಂದ ಆಗಲ್ಲ..."

"ಹೊಲಿಗೆ ನೋವಾ?" ಅಜೀಶ್ ಓಡಿ ಬಂದ.

"ಅಲ್ಲ. ಗಡ್ಡೆ ಇರಲಿಲ್ಲ ಅಜೀಶೇಟ್ಟ! ತೂಕ ಇಳಿದ ಮೇಲೆ ಚರ್ಮ ಜೋತುಬಿದ್ದಿತ್ತು, ಅದನ್ನ ತೆಗೆಸಿದ್ದು. ನಾನು ಸಾಯ್ತಿರಲಿಲ್ಲ. ನಿಮ್ಮಮ್ಮ ಸುಮ್ಸುಮ್ನೆ ಉಪ್ಪು ಬಿಟ್ರು... ನಾನು ನೋಡ್ತಾ ಗಂಜಿ ಕುಡಿದೆ!"

ಕುಞ್ಞಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅರ್ಚಕರು ಹಿಡಿದಿದ್ದ ಗಂಟೆಯ ಹಗ್ಗ ಬಿಟ್ಟರು.

ಅಜೀಶ್ ತಿರುಗಿ ನಡೆದ. ಮಂಟಪದ ಅಂಚಿನವರೆಗೆ ಹೋಗಿ ಹೊಳೆ ನೋಡುತ್ತ ನಿಂತ.

'ಮುಗಿಯಿತು,' ಎಂದುಕೊಂಡಳು ಅನಘ. ಆದರೂ ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು.

ಅವನು ತಿರುಗದೆಯೇ ಹೇಳಿದ. "ಅಮ್ಮ ಉಪ್ಪು ಬಿಟ್ರು ಅಂದಾಗ್ಲೇ ಹೇಳ್ಬಹುದಿತ್ತು."

"ಹೇಳ್ಬೇಕಿತ್ತು..."

"ಆ ಚರ್ಮ... ನೋಯ್ತಿತ್ತಾ?"

ಈವರೆಗೆ ಯಾರೂ ಕೇಳದ ಮಾತು! ಅನಘಳ ಕಣ್ಣು ತುಂಬಿತು.

"ಹುಣ್ಣಾಗ್ತಿತ್ತು. ವಾಸನೆ ಬರ್ತಿತ್ತು. ಆದ್ರೆ ಅಷ್ಟೇ ಅಲ್ಲ... ಕನ್ನಡಿ ನೋಡೋ ಆಸೇನೂ ಇತ್ತು. ಅದನ್ನ ಮುಚ್ಚಿಡಲ್ಲ."

"ಆಸೆ ಇರ್ಬಾರ್ದಾ?" ಅವನು ಹತ್ತಿರ ಬಂದ. "ನನ್ನ ಮಾತಿಗೆ ಬೆಲೆ ಇದ್ರೆ ಕೂತ್ಕೋ. ನೀನು ಗುಣವಾಗಲಿ ಅಂತ ಹೊತ್ತೆ. ಗುಣವಾಗಿದ್ದೀಯ."

ಅವಳು ತಟ್ಟೆಯಲ್ಲಿ ಕುಳಿತಳು. ಅರ್ಚಕರು ಮೆಣಸು ಸುರಿದರು. ಚಿಕ್ಕ ಚೀಲ ಮುಗಿಯುತ್ತಿದ್ದಂತೆಯೇ ಅವಳ ತಟ್ಟೆ ಮೇಲೆದ್ದಿತು. ತಕ್ಕಡಿ ಸಮಕ್ಕೆ ಬಂತು.

"ಸಾಕಲ್ಲಪ್ಪ," ಎಂದರು ಅರ್ಚಕರು. "ಇನ್ನೊಂದು ಚೀಲ ಯಾಕೆ ತಂದೆ? ತೂಗೋ ಅಂಗಡಿಯವನಿಗೇ ಅಂದಾಜು ತಪ್ಪಿತೇ!"

ಅಜೀಶನ ಕಿವಿ ಕೆಂಪಾಯಿತು.

"ಅಂದಾಜು ತಪ್ಪಿಲ್ಲ. ಅದು ಇನ್ನೂ ಫಲಿಸದ ಮೊದಲನೇ ಹರಕೆ, ಆಸೆ ಬಿಡದೆ ತಂದೆ. ಹೆಣ್ಣು ನೋಡಿ ಹೋಗ್ತಾ ಇಲ್ಲೇ ಕೈಮುಗಿದಿದ್ದೆ, ಇವಳು ಒಪ್ಪಿದ್ರೆ ಇವಳ ತೂಕದ ಮೆಣಸು ಅಂತ. ನಾನು ನೋಡಿದ ಅನಘ ಅಷ್ಟಿದ್ದಳು. ನಾನು ಕೇಳಿದ್ದು ಅವಳನ್ನ... ಹರಕೇಲಿ ಅವಳನ್ನ ಕಡಿಮೆ ಮಾಡೋಕೆ ಮನಸ್ಸು ಬರಲಿಲ್ಲ."

ಅನಘ ಮೆಲ್ಲನೆ ತಟ್ಟೆಯಿಂದಿಳಿದಳು. ಎರಡನೇ ಚೀಲದ ಬಾಯಿ ಬಿಚ್ಚಿ, ಎರಡೂ ಕೈ ಒಳಗಿಟ್ಟಳು. ಬಿಸಿಲುಂಡ ಮೆಣಸು ಬೆಚ್ಚಗಿತ್ತು. ತಾನೇ ವರ್ಷಗಟ್ಟಲೆ ಅಸಹ್ಯಪಟ್ಟು ದೂಡಿದ್ದ ಆ ದಪ್ಪ ಹುಡುಗಿಯನ್ನು ಇವನು ಚೀಲದಲ್ಲಿ ಜೋಪಾನವಾಗಿಟ್ಟಿದ್ದ!

"ಕ್ಷಮಿಸು," ಎಂದಳು. ಅವನಿಗೋ, ದೇವಿಗೋ, ಆ ಹುಡುಗಿಗೋ... ಮೂವರಿಗೂ.

ಆಮೇಲೆ ಬೊಗಸೆ ತುಂಬಿ ದೇವಿಯ ಮುಂದೆ ಸುರಿದಳು.

"ಇದನ್ನೂ ತಗೊಳ್ಳಿ. ಈ ಹರಕೆಯೂ ಫಲಿಸಿದೆ."

ಅಜೀಶನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಅಂದ್ರೆ... ಒಪ್ಪಿಗೆಯಾ?"

"ಮೊದಲು ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗಿ. ಎಲ್ಲ ನಾನೇ ಹೇಳ್ತೀನಿ. ಆಮೇಲೂ ಒಳಗೆ ಕರೆದ್ರೆ, ಅವರ ಎಲೆಗೆ ಮೊದಲ ಉಪ್ಪು ನಾನೇ ಬಡಿಸ್ತೀನಿ."

"ಬಯ್ತಾರೆ."

"ಬಯ್ಯಲಿ."

"ಬಯ್ದು ಅರ್ಧ ಕಿಲೋ ಉಪ್ಪು ತಿನ್ತಾರೆ, ಅಷ್ಟು ದಿನ ಬಿಟ್ಟಿದ್ದಾರೆ!"

ಅಳುತ್ತಿದ್ದವಳಿಗೆ ನಗು ಒತ್ತರಿಸಿತು. ಹೊಟ್ಟೆ ಹಿಡಿದುಕೊಂಡಳು.

"ಸಾಕು ಅಜೀಶೇಟ್ಟ, ನಗಿಸ್ಬೇಡಿ... ಎಳೆಯುತ್ತೆ!"

"ಹಾಗಾದ್ರೆ ಅಳು."

"ಅತ್ರೂ ಎಳೆಯುತ್ತೆ..."

"ಮತ್ತೆ ನಾನೇನು ಮಾಡ್ಲಿ?"

ಅವಳು ಅವನ ತೋಳಿಗೆ ಒರಗಿ ಮೊದಲ ಮೆಟ್ಟಿಲಿಳಿದಳು.

"ಮೆಲ್ಲಗೆ ನಡೀರಿ. ನನ್ನ ಜೊತೆ."