ಗಂಟೆಗೊಮ್ಮೆ ಸುಮ್ಮನಾಗುವ ಫ್ಯಾನ್

“ಗಿಯೊರ್ಗಿ ಸಂತನ ಪಟ ಮುಟ್ಟಿ ‘ನಾನು ಕದ್ದಿಲ್ಲ’ ಅಂತ ಆಣೆ ಮಾಡು. ಅಷ್ಟು ಸಾಕು ನನಗೆ,” ಎಂದ ಮಲ್ಖಾಜ್ ಚಿಕ್ಕಪ್ಪ.

ಸಾಂದ್ರೋ ಪಟದ ಕಡೆ ನೋಡಿದ. ಕೈ ಮಾತ್ರ ಎತ್ತಲಿಲ್ಲ.

ಬಾಗಿಲ ಮರೆಯಲ್ಲಿದ್ದ ತಂಗಿ ನುತ್ಸಾ ಇಣುಕಿ ನೋಡಿದಳು. ಆಣೆ ಮಾಡಲು ಏನು ಕಷ್ಟ? ಹಾಗಾದರೆ ಅಣ್ಣ ನಿಜವಾಗಿಯೂ ಕದ್ದಿದ್ದಾನಾ?

ಹಿಂದಿನ ಕೋಣೆಯ ಮೈನಿಂಗ್ ಯಂತ್ರ ಚಿಕ್ಕಪ್ಪನದು. ಹಗಲೂ ರಾತ್ರಿ ಲೆಕ್ಕ ಮಾಡಿ ಕಂಪ್ಯೂಟರ್ ನಾಣ್ಯ ದುಡಿಯುವುದು ಅದರ ಕೆಲಸ. ನೋಡಿಕೊಳ್ಳುವವನು ಸಾಂದ್ರೋ. ಎರಡು ತಿಂಗಳ ಹಿಂದೆ ಅವನು ಹೊಸ ಸಾಫ್ಟ್‌ವೇರ್ ಹಾಕಿದ್ದ. ಅಂದಿನಿಂದ ನಾಣ್ಯ ಕಡಿಮೆ ಬರುತ್ತಿತ್ತು.

“ನಾಳೆ ಸಂಜೆವರೆಗೂ ಟೈಮ್ ಕೊಡ್ತೀನಿ. ಆಮೇಲೆ ನಿಮ್ಮಪ್ಪನಿಗೆ ಹೇಳ್ತೀನಿ, ನಿನ್ನ ಮಗ ಕಳ್ಳ ಅಂತ.”

ಅಣ್ಣ ಹೊರಗೆ ಹೋದದ್ದೇ ತಡ, ನುತ್ಸಾ ಅವನ ಚೀಲ ತಡಕಿದಳು. ಸಿಕ್ಕಿದ್ದು ಒಂದು ಬಸ್ ಟಿಕೆಟ್, ಅರ್ಧ ತಿಂದ ಚುರ್ಚ್‌ಖೇಲಾ. ದ್ರಾಕ್ಷಿರಸದಲ್ಲಿ ಅದ್ದಿದ ಆ ವಾಲ್‌ನಟ್ ಮಾಲೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅನುಮಾನ ಮಾತ್ರ ಹೋಗಲಿಲ್ಲ.

ಮರುದಿನ ಅವಳು ಹೋಮ್‌ವರ್ಕ್‌ಗೆ ಕೂತಿದ್ದು ಯಂತ್ರದ ಪಕ್ಕದಲ್ಲೇ. ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ನಾಲ್ಕೂ ಹತ್ತಕ್ಕೆ ಫ್ಯಾನ್ ಸದ್ದು ತಗ್ಗಿ ಮತ್ತೆ ಏರಿತು. ಐದೂ ಹತ್ತಕ್ಕೂ ಹಾಗೇ ಆಯಿತು. ಅವಳು ಅಣ್ಣನಿದ್ದ ಅಡುಗೆಮನೆಗೆ ಓಡಿದಳು.

“ಐದೂ ಹತ್ತಕ್ಕೆ ಯಂತ್ರಕ್ಕೆ ಏನ್ ಮಾಡ್ದೆ?”

“ನಾನಾ? ಇಲ್ಲೇ ರೊಟ್ಟಿ ತಿಂತಾ ಇದೀನಲ್ಲೇ.”

ಆರಕ್ಕೆ ಇಬ್ಬರೂ ಪರದೆಯ ಮುಂದೆ ಕೂತರು. ಆರೂ ಹತ್ತು. ಫ್ಯಾನ್ ತಗ್ಗಿತು. ನಾಣ್ಯ ಹೋಗುವ ವಿಳಾಸ ಚಿಕ್ಕಪ್ಪನದು ಹೋಗಿ ಬೇರೆ ಯಾರದೋ ಆಯಿತು. ಮೂರು ನಿಮಿಷದ ಮೇಲೆ ಮೊದಲಿನ ವಿಳಾಸವೇ ಬಂತು.

“ಇದನ್ನ ಮಾಡಿದವರೇ ಕದೀತಿದಾರೆ,” ಎಂದ ಸಾಂದ್ರೋ ಮೆಲ್ಲಗೆ. “ಇದು ಮುಚ್ಚಿದ ಸಾಫ್ಟ್‌ವೇರ್ ಕಣೇ. ಒಳಗೆ ಏನು ಬರೆದಿದಾರೆ ಅಂತ ಯಾರಿಗೂ ತೋರಿಸಲ್ಲ. ಹಾಕಿದ್ದು ನಾನು, ಒಳಗೇನಿದೆ ಅಂತ ನನಗೇ ಗೊತ್ತಿಲ್ಲ. ನನ್ನ ಕೈಯಿಂದಲೇ ಕಳವು ಆಗಿರಬಹುದು ಅನ್ನಿಸ್ತಿತ್ತು. ಪಟ ಮುಟ್ಟಿ ಹೇಗೆ ಆಣೆ ಮಾಡ್ಲಿ?”

ಚಿಕ್ಕಪ್ಪ ಬಂದ. ಏಳೂ ಹತ್ತರವರೆಗೆ ಕೂತು ತಾನೇ ಕಣ್ಣಾರೆ ನೋಡಿದ. ಸಾಂದ್ರೋ ಬೇರೆ ಸಾಫ್ಟ್‌ವೇರ್ ಹಾಕಿ, ಅದರ ಒಳಗಿನ ಬರಹವನ್ನೆಲ್ಲ ತೆರೆದು ತೋರಿಸಿದ.

“ನೂರು ನಿಮಿಷಕ್ಕೆ ಒಂದು ನಿಮಿಷ ಸಾಫ್ಟ್‌ವೇರ್ ಮಾಡಿದವರಿಗೆ ಅಂತಿದೆ,” ಚಿಕ್ಕಪ್ಪ ಹುಬ್ಬು ಗಂಟಿಕ್ಕಿದ. “ಇದೂ ತಗೊಳ್ಳತ್ತಲ್ಲೋ.”

“ಹೇಳಿ ತಗೊಳ್ಳತ್ತೆ. ಬೇಡ ಅಂದ್ರೆ ಈ ಸಾಲನ್ನ ನಾವೇ ಬದಲಾಯಿಸಬಹುದು.”

ಚಿಕ್ಕಪ್ಪ ಮತ್ತೊಮ್ಮೆ ಓದಿದ. “ಇರ್ಲಿ ಬಿಡು, ಪಾಪ,” ಎಂದು ಸಾಂದ್ರೋನ ಬೆನ್ನ ಮೇಲೆ ಕೈಯಿಟ್ಟ. ಪಟದ ಮಾತು ಎತ್ತಲಿಲ್ಲ.

ನುತ್ಸಾಳ ಕಣ್ಣು ಮೊಳೆಗೆ ತೂಗುಹಾಕಿದ್ದ ಚೀಲದ ಮೇಲೆ ಹೋಯಿತು.

“ಅಣ್ಣಾ, ನಿನ್ನೆ ನಿನ್ನ ಚೀಲ ತಡಕಿದ್ದು ನಾನು.”

ಸಾಂದ್ರೋ ಅವಳನ್ನೇ ನೋಡಿದ. “ಚುರ್ಚ್‌ಖೇಲಾ?”

“ಒಂದೇ ತುಂಡು.”

ಅವನು ಎದ್ದು ಚೀಲ ತಂದು, ಅದರ ಬಾಯಿ ಅಗಲಿಸಿ ಅವಳ ಮಡಿಲಲ್ಲಿಟ್ಟ. ಕೇಳಿದ್ದರೆ ನಿನ್ನೆಯೂ ಹೀಗೇ ಕೊಡುತ್ತಿದ್ದ ಎಂದು ಅವಳಿಗೆ ಆಗ ತಿಳಿಯಿತು. ಅವಳು ಒಳಗೆ ಇಣುಕದೆ ಚೀಲದ ಜಿಪ್ ಎಳೆದಳು.