ಕಿಟಕಿಗೆ ಅಡ್ಡ ಬಂದ ಊರು

ತೊರೆಯಿಂದ ನೀರು ತುಂಬಿಕೊಂಡು ಬಂದ ಹೆಸ್ಟರ್, ತನ್ನ ಮನೆಯ ಮಾಡಿನ ಮೇಲೆ ಏಬೆಲ್ ಕೂತಿದ್ದನ್ನು ಕಂಡು ನಕ್ಕಳು. ಮನೆಗಳಿಗೆ ಹುಲ್ಲು ಹೊದಿಸುವುದು ಅವನ ಕಸುಬು. ಹೋದ ವರ್ಷ ಇದೇ ಮಾಡಿನ ಮೂರು ದಿನದ ಕೆಲಸವನ್ನು ಒಂಬತ್ತು ದಿನ ಎಳೆದಿದ್ದ. ಕೆಳಗಿನಿಂದ ಹುಲ್ಲಿನ ಕಂತೆ ಎಸೆಯುತ್ತಿದ್ದ ಹೆಸ್ಟರಳ ಮುಖ ನೋಡುವುದರಲ್ಲೇ ಅರ್ಧ ಹೊತ್ತು ಕಳೆದಿದ್ದ.

"ಈ ಸಲ ಎಷ್ಟು ದಿನ ಎಳೀತೀಯೋ?"

ಅವನು ತಿರುಗಲಿಲ್ಲ. ಒಂದು ಹಿಡಿ ಹಳೇ ಹುಲ್ಲು ಅವಳ ಕಾಲ ಬಳಿ ಬಿತ್ತು. ಹಿಂದೆಯೇ ಇನ್ನೊಂದು. ಅವನು ಸೂರು ಕೀಳುತ್ತಿದ್ದ.

ಊರಿನ ನೆಲಕ್ಕೆಲ್ಲ ಒಡೆಯರಾದ ಬಂಗಲೆಯ ಧಣಿ ಆ ವರ್ಷ ದೊಡ್ಡ ಕಿಟಕಿ ಇಡಿಸಿದ್ದರು. ಅಲ್ಲಿಂದ ಹುಲ್ಲುಗಾವಲು, ಕೆರೆ, ಓಕ್ ಮರಗಳು ಕಾಣಬೇಕಿತ್ತು. ಕಾಣುತ್ತಿದ್ದುದು ಹಾರ್ಲ್‌ಬೋರ್ನ್ ಊರಿನ ಇಪ್ಪತ್ತೆರಡು ಮನೆಗಳ ಹೊಗೆ. ಊರನ್ನು ಗುಡ್ಡದಾಚೆ ಸಾಗಿಸಲು ಅಪ್ಪಣೆಯಾಯಿತು. ಆದರೆ ಅಲ್ಲಿ ಕಟ್ಟಿಸಿದ್ದು ಹನ್ನೆರಡೇ ಮನೆ, ಬಂಗಲೆಗೆ ಬೇಕಾದವರಿಗೆ ಮಾತ್ರ. ಬುಟ್ಟಿ ಹೆಣೆಯುವ ಕುರುಡ ಜೆತ್ರೋ ಮತ್ತು ಅವನ ಮಗಳು ಹೆಸ್ಟರ್ ಬೇಕಾದವರ ಪಟ್ಟಿಯಲ್ಲಿರಲಿಲ್ಲ. ಸುಗ್ಗಿಯವರೆಗೆ ಇರಬಹುದೆಂದಿದ್ದ ಪಾರುಪತ್ಯಗಾರ, ಧಣಿಯ ಲಂಡನ್ನಿನ ನೆಂಟರು ಬೇಗ ಬರುತ್ತಾರೆಂದು ಮಾತು ಬದಲಿಸಿದ್ದ.

"ಇಳಿ ಕೆಳಗೆ," ಎಂದಳು.

ಇಳಿದ. ರೆಪ್ಪೆಯ ಮೇಲೂ ಧೂಳು. ಬೇರೆ ದಿನವಾಗಿದ್ದರೆ ಅವಳೇ ಒರೆಸುತ್ತಿದ್ದಳು.

"ಎಲ್ಲಾ ಮಾಡೂ ಕಿತ್ತರೆ ನಂಗೂ ಒಂದು ಮನೆ ಕೊಡ್ತಾರಂತೆ. ಮದುವೆಯಾದವರಿಗೆ ಮಾತ್ರ. ಆಗ್ತೀನಿ ಅಂತ ಹೇಳ್ಬಂದೆ."

"ಯಾರನ್ನ?"

"ಇನ್ಯಾರನ್ನ, ಮಾರಾಯ್ತಿ."

"ನಮ್ಮಪ್ಪನ ತಲೆ ಮೇಲಿನ ಸೂರು ಕೀಳ್ತಾ ನನ್ನ ಕೇಳ್ತಿದೀಯ?"

"ನಾನಲ್ದಿದ್ರೆ ಇನ್ನೊಬ್ಬ ಕೀಳ್ತಿದ್ದ. ನಿಮ್ಮಪ್ಪಂಗೂ ಜಾಗ ನೋಡಿದೀನಿ ಹೆಸ್ಟರ್, ಒಲೆ ಪಕ್ಕದಲ್ಲೇ."

ಅವಳು ಒಳಗೆ ಹೋದಳು. ಜೆತ್ರೋ ಅರ್ಧ ಹೆಣೆದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಮೇಲೆತ್ತಿ ಕೂತಿದ್ದ.

"ಬಿಸಿಲು ಬೀಳ್ತಿದೆ ಕಣೇ," ಎಂದ. "ಮನೆ ಒಳಗೆ ಬಿಸಿಲು."

ಅವಳು ನೀರಿನ ಕೊಡ ಇಳಿಸಿ ಅವನ ಪಕ್ಕ ಕೂತಳು.

"ಅವನು ಹೇಳಿದ್ದು ಕೇಳಿಸ್ತು. ಒಳ್ಳೇ ಹುಡುಗ, ನೀನು ಆಗು. ನನ್ನನ್ನ ನಿನ್ನ ಸೋದರತ್ತೆ ಊರಿನ ಗಾಡಿ ಹತ್ತಿಸಿಬಿಡು, ಸಾಕು."

"ಅವನ ಮೇಲೆ ಸಿಟ್ಟಾ ಅಪ್ಪ?"

"ಸಿಟ್ಟಿಲ್ಲ. ಆದ್ರೆ ಒಂದೊಂದು ಹಿಡಿ ಬಿದ್ದಾಗ್ಲೂ ಕೇಳಿಸ್ಕೊಂಡೆ. ಆ ಒಲೆ ಪಕ್ಕ ಕೂತ್ರೂ ಅದೇ ಕೇಳಿಸ್ತಿರುತ್ತೆ."

ಕಣ್ಣಿಲ್ಲದ ಅಪ್ಪನನ್ನು ಒಂಟಿಯಾಗಿ ಕಳಿಸುವುದು ಹೆಸ್ಟರಳಿಂದ ಆಗಲಿಲ್ಲ; ತಾನೂ ಜೊತೆಗೆ ಹೊರಟಳು. ಮೂರನೆಯ ಬೆಳಗ್ಗೆ ಗಾಡಿ ಬಂತು. ಏಬೆಲ್ ಬುಟ್ಟಿಗಳನ್ನು ಏರಿಸಿದ, ಜೆತ್ರೋನನ್ನು ಎತ್ತಿ ಕೂರಿಸಿದ. ಆಮೇಲೆ ಚಕ್ರ ಹಿಡಿದುಕೊಂಡು ನಿಂತ.

"ನಾನೂ ಬರ್ತೀನಿ."

"ನಿಮ್ಮಮ್ಮನ್ನ, ತಂಗೀರನ್ನ ಎಲ್ಲಿಡ್ತೀಯ? ಆ ಮನೆ ಅವರಿಗೂ ಬೇಕು."

"ಅದು ಮದುವೆಯಾದವನಿಗೆ ಮಾತ್ರ, ಹೆಸ್ಟರ್."

"ಗೊತ್ತು."

ಅವನ ಕೈ ನೋಡಿದಳು. ಹುಲ್ಲು ಕಿತ್ತು ಬೆರಳೆಲ್ಲ ಗೀರು.

"ನಂಗೆ ನಿನ್ನ ಮೇಲೆ ಸಿಟ್ಟಿದೆ," ಎಂದಳು ಮೆಲ್ಲಗೆ. "ನಿನ್ನ ಬಿಟ್ಟು ಬೇರೆ ಯಾರೂ ಬೇಡ ಅಂತಾನೂ ಇದೆ. ಯಾವುದು ಮೊದಲು ಹೋಗುತ್ತೋ ಗೊತ್ತಿಲ್ಲ."

ಸಿಟ್ಟೇ ಮೊದಲು ಹೋಯಿತು, ಗಾಡಿ ಎರಡು ಹರದಾರಿ ದಾಟುವುದರೊಳಗೆ.

ಅಪ್ಪ ಮೂರು ಚಳಿಗಾಲ ಬದುಕಿದ. ಅವನನ್ನು ಮಣ್ಣು ಮಾಡಿದ ಮುಂದಿನ ವಸಂತದಲ್ಲಿ ಹೆಸ್ಟರ್ ಒಮ್ಮೆ ಹಾರ್ಲ್‌ಬೋರ್ನಿಗೆ ಬಂದಳು. ಹಳೆಯ ಊರಿನಲ್ಲಿ ಉಳಿದಿದ್ದು ಇಗರ್ಜಿಯೊಂದೇ. ಭಾನುವಾರ ಗುಡ್ಡ ಹತ್ತಿಳಿದು ಜನ ಬರುತ್ತಿದ್ದರು. ಏಬೆಲನೂ ಬಂದಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ತೋಳಿನಲ್ಲಿ ಕೂಸು.

ಪ್ರಾರ್ಥನೆ ಮುಗಿದ ಮೇಲೆ ಅಂಗಳದ ಗೋಡೆಯ ಬಳಿ ಹೆಸ್ಟರ್ ನಿಂತಲ್ಲಿಗೆ ಅವನು ಒಬ್ಬನೇ ಬಂದು ನಿಂತ. ಹೆಂಡತಿ ಬಾಗಿಲಲ್ಲಿ ಪಾದ್ರಿಯೊಡನೆ ಮಾತಾಡುತ್ತ ಇತ್ತಲೇ ನೋಡುತ್ತಿದ್ದಳು.

"ನಮ್ಮನೆ ಎಲ್ಲಿತ್ತು?" ಎಂದಳು ಹೆಸ್ಟರ್. "ಗುರುತೇ ಸಿಗ್ತಿಲ್ಲ."

"ಆ ಕರೀ ಕುರಿ ಮೇಯ್ತಿದೆಯಲ್ಲ, ಅಲ್ಲಿ."

ಒಬ್ಬರನ್ನೊಬ್ಬರು ನೋಡುವ ಹಾಗಿರಲಿಲ್ಲ. ಹೆಂಡತಿ ಕರೆಯುವವರೆಗೂ ಇಬ್ಬರೂ ಆ ಹುಲ್ಲನ್ನೇ ನೋಡುತ್ತ ನಿಂತರು.