ಎರಡನೇ ಸುತ್ತಿಗೆ ಎಂಟು

ಗೇರ್ ಆಯಿಲ್ ವಾಸನೆಯೆಂದರೆ ಅವಳಿಗೆ ಅಪ್ಪ. ಅವಳು ಚಿಕ್ಕವಳಿದ್ದಾಗ ಅಪ್ಪ ದಿನವಿಡೀ ಲಾರಿಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿ ಮನೆಗೆ ಬಂದು, ಮೂರು ಸಲ ಸೋಪು ಹಾಕಿ ಕೈ ತೊಳೆದು ಅವಳಿಗೆ ತುತ್ತು ಕೊಡುತ್ತಿದ್ದರು. ಆದರೂ ತುತ್ತಿನ ಜೊತೆ ಆ ಘಾಟು ಬಂದೇ ಬರುತ್ತಿತ್ತು. ಉಳಿದವರು ಮೂಗು ಮುಚ್ಚುವ ಆ ವಾಸನೆಗೆ ಅವಳಿಗೆ ಹಸಿವಾಗುತ್ತಿತ್ತು.

"ಗೇರು ಬದಲಾದದ್ದು ಕೂತವರಿಗೆ ಗೊತ್ತಾಗಬಾರದು ಮಗಳೇ," ಎನ್ನುತ್ತಿದ್ದರು ಅಪ್ಪ. "ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು."

ಈಗ ಅವಳಿಗೆ ಮೂವತ್ತೊಂಬತ್ತು. ವೇಗದ, ಬಲು ದುಬಾರಿ ಕಾರುಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಆ ಕಾರುಗಳ ಕ್ಯಾಮೆರಾ ರಸ್ತೆಯನ್ನು ಮುಂದಾಗಿಯೇ ಓದುತ್ತದೆ. ಉಬ್ಬು ಬರುವಷ್ಟರಲ್ಲಿ ಚಕ್ರ ತಾನೇ ಮೇಲೆದ್ದು ಅದನ್ನು ನುಂಗಿಕೊಳ್ಳುತ್ತದೆ. ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್. ಒಂದು ಗೇರು ದುಡಿಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ, ಸದ್ದಿಲ್ಲದೆ ಕಾಯುತ್ತಿರುತ್ತದೆ. ಚಕ್ರ ಎಷ್ಟು ಏಳಬೇಕು, ಕಾಯುತ್ತಿರುವ ಗೇರು ಯಾವ ಗಳಿಗೆಯಲ್ಲಿ ಭಾರ ಹೊರಬೇಕು ಎಂದು ಕಾರಿಗೆ ಹೇಳಿಕೊಡುವುದು ಅವಳ ಕೆಲಸ.

ಅದು ಸರಿಯಾಗಿದೆಯೇ ಎಂದು ಕೂತು ಹೇಳುವುದು ಅವನ ಕೆಲಸ.

ಅವನು ಟೆಸ್ಟ್ ಡ್ರೈವರ್. ವರ್ಕ್‌ಶಾಪಿನಲ್ಲಿ ಎಲ್ಲರಿಗೂ 'ತಕ್ಕಡಿ'. ಟೈರಿನಲ್ಲಿ ಗಾಳಿ ಎಳ್ಳಷ್ಟು ಕಡಿಮೆಯಿದ್ದರೂ ಸೀಟಿನಲ್ಲಿ ಕೂತೇ ಹೇಳುತ್ತಿದ್ದ. ಅವನು ಕೊಟ್ಟ ಅಂಕಕ್ಕೆ ಚೀಫ್ ಎಂಜಿನಿಯರ್ ಕೂಡ ಎದುರಾಡುತ್ತಿರಲಿಲ್ಲ.

ಪದ್ಧತಿ ಇಷ್ಟೇ. ಕಾರಿನಲ್ಲಿ ಯಾವ ಸೆಟ್ಟಿಂಗ್ ಇದೆಯೆಂದು ಅವನಿಗೆ ಹೇಳುವಂತಿಲ್ಲ. ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಕ್ಕದಲ್ಲಿ ಕೂರುವಳು. ಅವನು ಕಲ್ಲುಹಾಸಿನ ಟ್ರ್ಯಾಕಿನಲ್ಲಿ ಒಂದು ಸುತ್ತು ಓಡಿಸಿ, ಹತ್ತಕ್ಕೆ ಎಷ್ಟು ಎಂದು ಪುಸ್ತಕದಲ್ಲಿ ಬರೆಯುವನು. ಸೆಟ್ಟಿಂಗ್ ಬದಲಾಯಿಸಿ ಇನ್ನೊಂದು ಸುತ್ತು. ಎಂಟು ತಿಂಗಳಿಂದ ಹೀಗೆಯೇ.

ಮಧ್ಯಾಹ್ನ ಟೈರುಗಳ ರಾಶಿಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ಅವಳ ಮುಂದೆ ಎರಡಂತಸ್ತಿನ ಡಬ್ಬಿ. ಅವನ ಮುಂದೆ ಬನ್ನು.

"ಡಬ್ಬಿಗೂ ಪಾಸ್‌ವರ್ಡ್ ಇಟ್ಟಿದ್ದೀರಾ ಮೇಡಂ? ಒಂದು ದಿನಾನೂ ರುಚಿ ತೋರಿಸ್ಲಿಲ್ಲ."

"ಇದೆ. ನಮ್ಮಪ್ಪನ್ನ ಕೇಳಿ."

"ಕೇಳಿದ್ರೆ ಕೊಡ್ತಾರಾ?"

"ಕೇಳೋರ ಮುಖ ನೋಡಿ ಕೊಡ್ತಾರೆ."

ಅವನು ಬನ್ನಿನ ಚೂರನ್ನು ಬಾಯಿಯ ಹತ್ತಿರವೇ ಹಿಡಿದು ಅವಳನ್ನು ನೋಡುವನು. ಅವಳು ತಲೆ ಬಗ್ಗಿಸಿ ನಗು ಅಡಗಿಸುವಳು. ಆದರೆ ಡಬ್ಬಿಯಿಂದ ಒಂದಗುಳೂ ಆಚೆ ಹೋಗುತ್ತಿರಲಿಲ್ಲ. ಅಪ್ಪನ ಕೈ ಈಗ ನಡುಗುತ್ತದೆ. ಆ ಕೈಯಲ್ಲೇ ನಸುಕಿನಲ್ಲೆದ್ದು ಬೇಯಿಸಿ ತುಂಬುತ್ತಾರೆ. ಅದನ್ನು ಹಂಚಿಬಿಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಆ ಬುಧವಾರ ಮೊದಲ ಸುತ್ತಿಗೆ ಅವನು ಆರು ಬರೆದ. ಅವಳು ಸೆಟ್ಟಿಂಗ್ ಬದಲಾಯಿಸಿದಳು. ಎರಡನೇ ಸುತ್ತಿನ ತಿರುವಿನಲ್ಲಿ ಬಿಸಿಲು ನೇರವಾಗಿ ಅವಳ ಕಣ್ಣಿಗೆ ಹೊಡೆಯಿತು. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿ, ಅವಳ ಕಡೆಯ ಬಿಸಿಲು ತಡೆಯುವ ಪಟ್ಟಿಯನ್ನು ಕೆಳಗಿಳಿಸಿ, ಏನೂ ಆಗದವನಂತೆ ಕೈ ಹಿಂದಕ್ಕೆಳೆದುಕೊಂಡ. ಅವಳ ಮುಖದಲ್ಲಿ ನಗು ತಾನಾಗಿಯೇ ಬಂತು. ಸುತ್ತು ಮುಗಿಸಿ ಅವನು ಎಂಟು ಬರೆದ.

"ಇದು ಪಾಸು ಮೇಡಂ. ಶುಕ್ರವಾರ ಸಹಿ ಹಾಕ್ತೀನಿ."

ಸಂಜೆ ಆಫೀಸಿನಲ್ಲಿ ಆ ದಿನದ ದಾಖಲೆ ತೆರೆದಾಗ ಅವಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಲ್ಯಾಪ್‌ಟಾಪಿನಿಂದ ಕಾರಿಗೆ ಹೋಗುವ ಕೇಬಲ್ ಸಡಿಲವಾಗಿತ್ತು. ಎರಡನೇ ಸೆಟ್ಟಿಂಗ್ ಕಾರಿಗೆ ಏರಿರಲೇ ಇಲ್ಲ. ಎರಡೂ ಸುತ್ತಿನಲ್ಲಿ ಓಡಿದ್ದು ಒಂದೇ ಸೆಟ್ಟಿಂಗ್.

ಆರು. ಎಂಟು.

ಮರುದಿನ ಬೆಳಿಗ್ಗೆ ಅವಳು ಕಾರಿನಲ್ಲಿ ಕೂತು, ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡಳು. ಅವನು ಒಂದು ಸುತ್ತು ಓಡಿಸಿದ. ಪುಸ್ತಕ ತೆರೆದ. ಪೆನ್ನು ಹಿಡಿದವನು ಬರೆಯಲಿಲ್ಲ.

"ಮೇಡಂ, ಸ್ವಲ್ಪ ಈ ಕಡೆ ತಿರುಗಿ."

"ಯಾಕೆ? ಅಂಕ ಕಾರಿಗಲ್ವಾ?"

ಅವನು ಎಂಜಿನ್ ಆರಿಸಿದ.

"ನಿನ್ನೆ ಎರಡು ಸಲಾನೂ ಒಂದೇ ಸೆಟ್ಟಿಂಗ್ ಇತ್ತು," ಎಂದಳು ಅವಳು. "ತಪ್ಪು ನಂದೇ. ಆದ್ರೆ ಅದು ನಿಮಗೆ ಗೊತ್ತಾಗ್ಬೇಕಿತ್ತು."

"ಗೊತ್ತಾಗಲ್ಲ," ಎಂದ ಅವನು ಮೆಲ್ಲಗೆ. "ಈ ಕಾರು ಶುರುವಾಗೋ ಮುಂಚೆ ಬೆನ್ನಿನ ಆಪರೇಷನ್ ಆಯ್ತಲ್ಲ, ಆವಾಗಿಂದ ಸೊಂಟದ ಕೆಳಗೆ ಸಣ್ಣ ನಡುಕ ತಿಳಿಯಲ್ಲ. ಕಾಲಲ್ಲಿ ಶಕ್ತಿ ಇದೆ, ಓಡಿಸ್ತೀನಿ. ಆದ್ರೆ ಸೀಟು ನನ್ನ ಜೊತೆ ಮಾತಾಡೋದು ಬಿಟ್ಟಿದೆ."

"ಮತ್ತೆ ಇಷ್ಟು ದಿನ?"

"ನಿಮ್ಮ ಮುಖ ನೋಡಿ ಬರೀತಿದ್ದೆ. ಕಲ್ಲು ಒರಟಾಗಿ ಬಡಿದ್ರೆ ನಿಮ್ಮ ಹುಬ್ಬು ಗಂಟಾಗುತ್ತೆ. ಗೇರು ಎಳೆದ್ರೆ ತುಟಿ ಬಿಗಿಯುತ್ತೆ. ಚೆನ್ನಾಗಿದ್ರೆ ನಗ್ತೀರಿ."

ಅವಳ ಕಣ್ಣು ತುಂಬಿತು, ಮೊದಲು ಸಿಟ್ಟಿನಿಂದ. "ಅಂದ್ರೆ ಮುಖ ನೋಡಿ ಮಣೆ ಹಾಕಿದ್ರಿ. ಎಂಟು ತಿಂಗಳು! ನನ್ನ ಕೆಲಸ ಒಳ್ಳೇದೋ ಕೆಟ್ಟದ್ದೋ ನನಗೇ ಗೊತ್ತಿಲ್ಲದ ಹಾಗೆ ಮಾಡಿದ್ರಿ. ನಾಳೆ ಈ ಕಾರಲ್ಲಿ ಜನ ಕೂರ್ತಾರೆ."

"ಹೌದು." ಅವನು ಸ್ಟೀರಿಂಗನ್ನು ಸವರಿದ. "ಇದು ಬಿಟ್ರೆ ನಾನು ಯಾರು ಅಂತ ತಿಳೀಲಿಲ್ಲ ಮೇಡಂ. ಮೊದಮೊದಲು ಅಂಕಕ್ಕೋಸ್ಕರ ನಿಮ್ಮನ್ನ ನೋಡ್ತಿದ್ದೆ. ಆಮೇಲೆ ಅಂಕ ಬರೀ ನೆಪ ಆಯ್ತು."

ಎಂಟು ತಿಂಗಳಲ್ಲಿ ತನ್ನ ಹುಬ್ಬು, ತುಟಿಗಳನ್ನು ಇಷ್ಟು ಶ್ರದ್ಧೆಯಿಂದ ಯಾರೋ ಓದಿದ್ದಾರೆಂಬುದು ಅವಳ ಎದೆಯೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಸಿಟ್ಟು ಹಾಗೇ ಇತ್ತು. ಅದರ ಪಕ್ಕದಲ್ಲಿ ಇನ್ನೇನೋ ಒಂದು ಯಾವಾಗಿನಿಂದಲೋ ಸಿದ್ಧವಾಗಿ ಕಾದಿತ್ತು.

"ಚೀಫ್‌ಗೆ ಹೇಳ್ತೀರಾ?" ಎಂದ ಅವನು.

"ನಾನು ಹೇಳಲ್ಲ. ನೀವೇ ಹೇಳ್ತೀರಿ."

ಅವನು ಅವಳನ್ನೇ ನೋಡಿದ. ಆಮೇಲೆ ಪುಸ್ತಕದಲ್ಲಿ ಆ ಸುತ್ತಿನ ಎದುರು 'ತಿಳಿಯಲಿಲ್ಲ' ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ, ಕಾರಿನಿಂದಿಳಿದು ಚೀಫ್ ಕೋಣೆಯ ಕಡೆ ನಡೆದ.

ಊಟದ ಹೊತ್ತಿಗೆ ಅವನು ಬೆಂಚಿಗೆ ಬಂದಾಗ ಕೈಯಲ್ಲಿ ಕೀ ಇರಲಿಲ್ಲ. ಬನ್ನೂ ಇರಲಿಲ್ಲ.

"ಕೀ ಕೊಟ್ಟೆ. ಶುಕ್ರವಾರದ ಸಹಿ ನಿಂತುಹೋಯ್ತು. ಎಂಟು ತಿಂಗಳದ್ದನ್ನೂ ಬೇರೆ ಇಬ್ಬರು ಮತ್ತೆ ಓಡಿಸ್ತಾರಂತೆ. ನಿಮಗೆ ಕೆಲಸ ಹೆಚ್ಚಿಸಿದೆ."

"ಹೂಂ."

"ನನ್ನನ್ನ ಏನು ಮಾಡ್ತಾರೋ ಸೋಮವಾರ ಹೇಳ್ತಾರೆ. ಡ್ರೈವಿಂಗ್ ಅಂತೂ ಮುಗೀತು."

ದೂರದಲ್ಲಿ ಬೇರೆ ಯಾರೋ ಓಡಿಸುತ್ತಿದ್ದ ಕಾರು ಗೇರು ಬದಲಾಯಿಸಿತು. ಇಬ್ಬರೂ ಕಿವಿಗೊಟ್ಟು ಕೇಳಿದರು.

"ಒಂದು ಕೇಳ್ಲಾ?" ಎಂದ ಅವನು. "ನಿನ್ನೆ ಕಾರು ಬದಲಾಗಿರ್ಲಿಲ್ಲ. ಮತ್ತೆ ಎರಡನೇ ಸುತ್ತಲ್ಲಿ ನೀವು ನಕ್ಕಿದ್ದು ಯಾಕೆ?"

"ಬಿಸಿಲಿಗೆ ಅಡ್ಡ ಇಳಿಸಿದ್ರಲ್ಲ. ಅದಕ್ಕೆ."

ನೆಲ ನೋಡುತ್ತ ಕೂತ ಅವನ ಕಿವಿಯ ತುದಿ ಕೆಂಪಾಗಿತ್ತು.

ಅವಳು ಡಬ್ಬಿ ಬಿಚ್ಚಿದಳು. ಅಪ್ಪನ ನಡುಗುವ ಕೈ ಎಂದಿನಂತೆ ಅಂಚಿನಲ್ಲಿ ನಾಲ್ಕು ಅಗುಳು ಚೆಲ್ಲಿತ್ತು. ಅವನ್ನು ಬೆರಳಿನಿಂದ ಒಳಗೆ ಸರಿಸಿದಳು. ಮೇಲಿನ ಅಂತಸ್ತನ್ನು ಎತ್ತಿ, ಚಮಚವನ್ನು ಅವನ ಕಡೆಗೆ ತಿರುಗಿಸಿ, ಅವನ ಕೈಗಿಟ್ಟಳು.